ಒಂದೇ ರಣರಂಗ, ಮೂರು ಲೆಕ್ಕ

1941ರ ಜೂನ್ 22ರಂದು ಜರ್ಮನಿ ಮತ್ತು ಅದರ ಮಿತ್ರದೇಶಗಳ ಮೂವತ್ತು ಲಕ್ಷಕ್ಕೂ ಹೆಚ್ಚು ಸೈನಿಕರು ಸೋವಿಯತ್ ಒಕ್ಕೂಟದ ಮೇಲೆ ನುಗ್ಗಿದರು. ಡಿಸೆಂಬರ್ ಹೊತ್ತಿಗೆ ಆ ಸೇನೆ ಮಾಸ್ಕೋದ ಹೊರವಲಯದಲ್ಲಿ ನಿಂತುಹೋಯಿತು. ಯಾಕೆ? ಚಳಿ, ಕೆಸರು, ಸೋವಿಯತ್ ಸೈನಿಕರ ಛಲ, ಹಿಟ್ಲರನ ತೀರ್ಮಾನಗಳು ಎಂದು ಇತಿಹಾಸಕಾರರು ಕಾರಣಗಳನ್ನು ಒಂದರ ಪಕ್ಕ ಒಂದಿಟ್ಟು ವಿವರಿಸಬಹುದು. ಕಂಪ್ಯೂಟರ್‌ಗಾಗಿ ಯುದ್ಧದ ಆಟ ಕಟ್ಟುವವರಿಗೆ ಆ ಅನುಕೂಲವಿಲ್ಲ. ಪ್ರತಿ ಕಾರಣಕ್ಕೂ ಒಂದು ಸಂಖ್ಯೆ ಕೊಡಲೇಬೇಕು. ಸಂಖ್ಯೆ ಸಿಗದ ಕಾರಣಕ್ಕೆ ಆಟದೊಳಗೆ ಅಸ್ತಿತ್ವವೇ ಇರುವುದಿಲ್ಲ. ಆದ್ದರಿಂದ ಇಂಥ ಆಟಗಳನ್ನು ಹೋಲಿಸುವಾಗ ನಾನು ಮೊದಲು ನೋಡುವುದು ಅವು ಏನನ್ನು ಎಣಿಸುತ್ತವೆ ಎಂಬುದನ್ನು.

ಎಣಿಕೆಯ ಬುಡದಲ್ಲಿ ಒಂದು ಹಳೆಯ ಗಣಿತವಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಹೇಳಿದ್ದು ಇದು: ಎಲ್ಲರೂ ದೂರದಿಂದ ಗುಂಡು ಹಾರಿಸಬಲ್ಲ ಕಾಳಗದಲ್ಲಿ ಪಡೆಯ ಬಲ ಅದರ ಸಂಖ್ಯೆಯ ವರ್ಗದಷ್ಟು ಏರುತ್ತದೆ. ಸಮಾನ ಕೌಶಲದ 100 ಮಂದಿ 50 ಮಂದಿಯನ್ನು ಎದುರಿಸಿದರು ಎನ್ನಿ. ಚಿಕ್ಕ ಪಡೆ ಪೂರ್ತಿ ಅಳಿಯುವಷ್ಟರಲ್ಲಿ ದೊಡ್ಡ ಪಡೆಯಲ್ಲಿ ಸುಮಾರು 87 ಮಂದಿ ಉಳಿದಿರುತ್ತಾರೆ. 10,000ದಿಂದ 2,500 ಕಳೆದು ವರ್ಗಮೂಲ ತೆಗೆದರೆ ಈ ಉತ್ತರ. ನಿಜವಾದ ಯುದ್ಧಗಳು ಇಷ್ಟು ಅಚ್ಚುಕಟ್ಟಾಗಿ ನಡೆಯುವುದಿಲ್ಲ, ಆದರೂ ಬಲವನ್ನು ಒಂದೆಡೆ ಒಟ್ಟುಗೂಡಿಸಬೇಕು ಎಂಬ ಸೇನಾನಿಗಳ ಹಠಕ್ಕೆ ಕಾರಣ ಇಲ್ಲಿ ಕಾಣುತ್ತದೆ. ಒಂದು ಮಾತು ಮಾತ್ರ ಮರೆಯಬಾರದು. ಲೆಕ್ಕಕ್ಕೆ ಬರುವವರು ಹಾಜರಿ ಪಟ್ಟಿಯಲ್ಲಿರುವ ಸೈನಿಕರಲ್ಲ; ಹೊಟ್ಟೆಗೆ ಅನ್ನ, ಬಂದೂಕಿಗೆ ಗುಂಡು ಇದ್ದವರು.

ಕ್ರಿಸ್ ಕ್ರಾಫರ್ಡ್ 1981ರಲ್ಲಿ ಅಟಾರಿ ಕಂಪ್ಯೂಟರಿಗಾಗಿ ಬರೆದ 'ಈಸ್ಟರ್ನ್ ಫ್ರಂಟ್ (1941)' ಇದನ್ನು ಆಗಲೇ ಅರಿತಿತ್ತು. ಅಟಾರಿ 800ರ ನೆನಪಿನ ಸಾಮರ್ಥ್ಯ ಹೆಚ್ಚೆಂದರೆ 48 ಕಿಲೋಬೈಟ್, ಇಂದಿನ ಮೊಬೈಲ್‌ನ ಒಂದು ಫೋಟೋಗೂ ಸಾಲದು. ಅಷ್ಟರಲ್ಲೇ ಪ್ರತಿ ಪಡೆಗೂ ಎರಡು ಸಂಖ್ಯೆಗಳಿದ್ದವು: ಒಟ್ಟು ಬಲ ಮತ್ತು ಸದ್ಯಕ್ಕೆ ಹೋರಾಡಬಲ್ಲ ಬಲ. ಸರಬರಾಜಿನ ದಾರಿ ಕಡಿದರೆ ಎರಡನೆಯದು ಕುಸಿಯುತ್ತಿತ್ತು. ನನಗೆ ಇನ್ನೂ ಮೆಚ್ಚುಗೆಯಾಗುವುದು ಅದರ ಯೋಚನಾಕ್ರಮ. ಆಟಗಾರ ಆದೇಶ ಕೊಡುತ್ತ ಕೂತಷ್ಟು ಹೊತ್ತೂ ಯಂತ್ರ ಹಿನ್ನೆಲೆಯಲ್ಲಿ ಸೋವಿಯತ್ ಪಡೆಗಳ ನಡೆಯನ್ನು ತಿದ್ದುತ್ತಲೇ ಇರುತ್ತಿತ್ತು. ನಾವು ಹೆಚ್ಚು ಯೋಚಿಸಿದರೆ ಎದುರಾಳಿಯೂ ಹೆಚ್ಚು ಯೋಚಿಸುತ್ತಾನೆ.

2010ರಲ್ಲಿ ಬಂದ 'ಗ್ಯಾರಿ ಗ್ರಿಗ್ಸ್‌ಬೀಸ್ ವಾರ್ ಇನ್ ದಿ ಈಸ್ಟ್' ಇದರ ಇನ್ನೊಂದು ತುದಿ. ನಕ್ಷೆಯ ಆರುಮೂಲೆಯ ಪ್ರತಿ ಮನೆಯೂ 10 ಮೈಲಿ, ಪ್ರತಿ ಸರದಿಯೂ ಒಂದು ವಾರ. ಟ್ಯಾಂಕು, ಫಿರಂಗಿಗಳನ್ನು ಮಾದರಿವಾರು ಎಣಿಸುತ್ತದೆ. ಇದರ ನಿಜವಾದ ಪಾಠ ಇರುವುದು ರೈಲು ಹಳಿಗಳಲ್ಲಿ. ಜರ್ಮನ್ ಹಳಿಯ ಅಗಲ 1,435 ಮಿಲಿಮೀಟರ್, ಸೋವಿಯತ್ ಹಳಿಯದು 1,524. ಒಂಬತ್ತು ಸೆಂಟಿಮೀಟರಿಗೂ ಕಡಿಮೆಯ ಈ ವ್ಯತ್ಯಾಸದಿಂದ ಜರ್ಮನ್ ರೈಲುಗಳು ಮುಂದೆ ಹೋಗಬೇಕಾದರೆ ಹಳಿಯನ್ನೇ ಸರಿಸಬೇಕಿತ್ತು. ಹಾಸನ–ಮಂಗಳೂರು ಮಾರ್ಗ ಬ್ರಾಡ್‌ಗೇಜ್ ಆಗುವವರೆಗೆ ವರ್ಷಗಟ್ಟಲೆ ಕಾದವರಿಗೆ ಇದರ ತಾಪತ್ರಯ ಗೊತ್ತು. ಹಳಿ ಮುಗಿದಲ್ಲಿಂದ ಮುಂದಕ್ಕೆ ಲಾರಿ, ಕುದುರೆಗಾಡಿಗಳೇ ಗತಿ. ಆ ದಂಡಯಾತ್ರೆಗೆ ಜರ್ಮನ್ನರು ಆರು ಲಕ್ಷಕ್ಕೂ ಹೆಚ್ಚು ಕುದುರೆಗಳನ್ನು ತಂದಿದ್ದರು. ಆಟದಲ್ಲಿ ಟ್ಯಾಂಕುಗಳು ಮುನ್ನುಗ್ಗಿದಷ್ಟೂ ಹಳಿಯ ತುದಿ ಹಿಂದೆ ಉಳಿಯುತ್ತದೆ, ಇಂಧನ ಸೋರಿಹೋಗುತ್ತದೆ. ಹಿಮ ಬೀಳುವ ಮೊದಲೇ ಸೇನೆ ಸೊರಗುತ್ತ ಬಂದದ್ದನ್ನು ಆಟಗಾರ ಸ್ವತಃ ಅನುಭವಿಸುತ್ತಾನೆ. ಚಳಿಯೊಂದೇ ಕಾರಣ ಎಂಬ ಮಾತು ಇದರ ಮುಂದೆ ನಿಲ್ಲುವುದಿಲ್ಲ.

ಇಷ್ಟೆಲ್ಲ ಎಣಿಸುವ ಆಟವೂ ಲೆನಿನ್‌ಗ್ರಾಡಿನಲ್ಲಿ ಹಸಿವಿನಿಂದ ಸತ್ತ ಲಕ್ಷಾಂತರ ನಾಗರಿಕರನ್ನು ಎಣಿಸುವುದಿಲ್ಲ. ಯುದ್ಧಕೈದಿಗಳು ಲೆಕ್ಕಪಟ್ಟಿಯ ಒಂದು ಸಾಲು, ಅಷ್ಟೇ. ಈ ಯುದ್ಧದಲ್ಲಿ ಸತ್ತ ಸೋವಿಯತ್ ಪ್ರಜೆಗಳು ಸುಮಾರು 2 ಕೋಟಿ 70 ಲಕ್ಷ, ಅವರಲ್ಲಿ ಅರ್ಧಕ್ಕೂ ಹೆಚ್ಚು ನಾಗರಿಕರು. ಇದು ನನ್ನ ಮಟ್ಟಿಗೆ ಸಣ್ಣ ಕೊರತೆಯಲ್ಲ. ಪಡೆಗಳ ಚಲನೆ ಅರ್ಥವಾದರೆ ಯುದ್ಧ ಅರ್ಥವಾಯಿತು ಎಂಬ ಭ್ರಮೆಯನ್ನು ಇಂಥ ವಿವರಗಳೇ ಹುಟ್ಟಿಸುತ್ತವೆ.

ಮೂರನೆಯದು 2011ರ 'ಯೂನಿಟಿ ಆಫ್ ಕಮಾಂಡ್', ಸ್ಟಾಲಿನ್‌ಗ್ರಾಡ್ ಸುತ್ತಲಿನ ಕಾಳಗಗಳ ಆಟ. ಇಲ್ಲಿ ಟ್ಯಾಂಕುಗಳ ಎಣಿಕೆ ಇಲ್ಲ, ನಿಯಮಗಳು ಒಂದು ಸಂಜೆಗೆ ಕಲಿಯುವಷ್ಟೇ. ಹಳಿಯಿಂದ ಇಷ್ಟು ಮನೆ ದೂರದವರೆಗೆ ಸರಬರಾಜು ತಲುಪುತ್ತದೆ, ಅದರಾಚೆ ಇಲ್ಲ. ದಾರಿ ಕಡಿದ ಪಡೆ ಕೆಲವೇ ಸರದಿಗಳಲ್ಲಿ ನಿಸ್ಸಹಾಯಕವಾಗುತ್ತದೆ. 1942ರ ನವೆಂಬರ್ 19ರ ಸೋವಿಯತ್ ದಾಳಿಯನ್ನು ಇದರಲ್ಲಿ ಆಡಿನೋಡಿ. ಬಲಿಷ್ಠವಾದ ಜರ್ಮನ್ ಆರನೇ ಸೇನೆಗೆ ಡಿಕ್ಕಿ ಹೊಡೆಯುವ ಬದಲು ಅದರ ಎರಡೂ ಪಕ್ಕದಲ್ಲಿದ್ದ ರೊಮೇನಿಯನ್ ಪಡೆಗಳನ್ನು ಯಾಕೆ ಮುರಿದರು ಎಂಬುದು ಕೆಲವೇ ಸರದಿಗಳಲ್ಲಿ ಸ್ಪಷ್ಟವಾಗುತ್ತದೆ. ನವೆಂಬರ್ 23ರಂದು ಆ ದಾಳಿಯ ಎರಡು ಕವಲುಗಳೂ ಕಲಾಚ್ ಪಟ್ಟಣದ ಬಳಿ ಕೂಡಿ ಆರನೇ ಸೇನೆಯನ್ನು ಸುತ್ತುವರಿದವು. ಒಳಗೆ ಸಿಕ್ಕಿಬಿದ್ದವರಿಗೆ ದಿನಕ್ಕೆ ಕನಿಷ್ಠ 300 ಟನ್ ಸಾಮಗ್ರಿ ಬೇಕಿತ್ತು. ವಿಮಾನಗಳು ಸರಾಸರಿ ಸುಮಾರು 100 ಟನ್ ಇಳಿಸಿದವು.

ಆರಂಭಿಸುವವರಿಗೆ ನಾನು ಈ ಮೂರನೆಯದನ್ನೇ ಸೂಚಿಸುತ್ತೇನೆ. ಸಂಖ್ಯೆಗಳು ಕಡಿಮೆಯಿದ್ದರೂ ಸರಿಯಾದುದನ್ನೇ ಎಣಿಸುತ್ತದೆ. 'ವಾರ್ ಇನ್ ದಿ ಈಸ್ಟ್'ಗೆ ಕೈಹಾಕಲು ಬಿಡುವಾದ ವಾರಾಂತ್ಯಗಳೇ ಬೇಕು. ಕೈಹಾಕಿದವರು ಟ್ಯಾಂಕುಗಳ ಪಟ್ಟಿಯನ್ನು ಬದಿಗಿಟ್ಟು ಮೊದಲು ರೈಲು ನಕ್ಷೆ ತೆರೆಯಲಿ.