ಗುಟ್ಟಿನ ತಮಾಷೆ ಯಾವುದು, ತೆರೆಮರೆಯ ಸಂಗತಿ ಯಾವುದು: ಸಿನಿಮಾ ಪೇಪರಿಗೆ ಟಿಪ್ಪಣಿ

ಶಿವಮೊಗ್ಗದಲ್ಲಿ ನಮ್ಮ ಜೊತೆ ಸಿನಿಮಾ ಪೇಪರ್ ಓದುತ್ತಿರುವವರಿಗೆ ಇದು. ಈ ಪಾಠಕ್ಕೆ ಅಂಕ ಕಡಿಮೆ, ಗೊಂದಲ ಜಾಸ್ತಿ. ಕ್ಯಾಮಿಯೋ (ಗೊತ್ತಿರುವ ಮುಖ ಒಂದು ಕ್ಷಣ ತೆರೆಗೆ ಬಂದು ಹೋಗುವುದು), ಈಸ್ಟರ್ ಎಗ್ (ಸಿನಿಮಾದೊಳಗೆ ಬಚ್ಚಿಟ್ಟ ಗುರುತು) ಎಲ್ಲರಿಗೂ ಗೊತ್ತು, ಹಾಗಾಗಿ ಉದ್ದ ವ್ಯಾಖ್ಯೆ ಬರೆಯುತ್ತಿಲ್ಲ. ಗೊತ್ತಿದ್ದವರು ಗುರುತು ಹಿಡಿದು ನಗಲಿ ಅಂತ ಬೇಕಂತಲೇ ಇಟ್ಟದ್ದು ಗುಟ್ಟಿನ ತಮಾಷೆ, ಸಿನಿಮಾ ಹೇಗೆ ಮಾಡಿದರು ಅನ್ನುವ ವಿಷಯ ತೆರೆಮರೆಯ ಸಂಗತಿ. ಒಂದು ಉದಾಹರಣೆ ಕೊಟ್ಟು "ಇದು ಯಾವ ಗುಂಪಿಗೆ ಸೇರುತ್ತದೆ?" ಅಂದಾಗ ಕೈ ನಡುಗುತ್ತದಲ್ಲ, ಅಷ್ಟಕ್ಕೇ ಈ ಟಿಪ್ಪಣಿ.

ಮೊದಲು ನಮ್ಮ ಆಗುಂಬೆ

ಮಾಲ್ಗುಡಿ ಡೇಸ್ ಯಾರಿಗೆ ಗೊತ್ತಿಲ್ಲ. ಶಂಕರ್ ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕೆ ಮಾಡಿದ ಧಾರಾವಾಹಿ. ಕಥೆಯ ಮಾಲ್ಗುಡಿ ಎಲ್ಲೂ ಇಲ್ಲದ ಊರು, ತೆರೆ ಮೇಲೆ ಮಾತ್ರ ಅದು ಆಗುಂಬೆ. ಕಥೆಯ ಹುಡುಗ ಸ್ವಾಮಿಯ ಮನೆ ಅಂತ ನಾವು ನೋಡಿದ್ದು ಅಲ್ಲಿನ ದೊಡ್ಡಮನೆ. ರೈಲು ನಿಲ್ದಾಣ ಅರಸಾಳಿನದ್ದು, ಶಿವಮೊಗ್ಗ-ತಾಳಗುಪ್ಪ ದಾರಿಯಲ್ಲಿದೆ. ಅಲ್ಲಿನ ಹಳೇ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ. ಧಾರಾವಾಹಿಯಲ್ಲಿ ಬರುವ ಗೆರೆಚಿತ್ರಗಳು ಆರ್.ಕೆ. ಲಕ್ಷ್ಮಣ್ ಅವರವು, ಅಂದರೆ ಕಥೆ ಬರೆದ ಆರ್.ಕೆ. ನಾರಾಯಣ್ ಅವರ ತಮ್ಮನವು.

ಇದರಲ್ಲಿ ಒಂದೂ ಗುಟ್ಟಿನ ತಮಾಷೆ ಅಲ್ಲ. ಎಲ್ಲವೂ ತೆರೆಮರೆಯ ಸಂಗತಿಗಳೇ. "ನಾವು ತೀರ್ಥಹಳ್ಳಿ ಕಡೆಯವರು, ಬೀದಿ ನೋಡಿದ ತಕ್ಷಣ ಆಗುಂಬೆ ಅಂತ ಗೊತ್ತಾಗಿ ನಗು ಬರುತ್ತದೆ, ಬೇರೆಯವರಿಗೆ ಬರಲ್ಲ, ಮತ್ತೆ ಇದು ಗುಟ್ಟಿನ ತಮಾಷೆಯೇ ಅಲ್ವಾ?" ಅಂತ ಕೇಳಬಹುದು. ಅಲ್ಲ. ನಾವು ಗುರುತು ಹಿಡಿಯಲಿ ಅಂತ ಯಾರೂ ಆ ಬೀದಿಯನ್ನು ಅಲ್ಲಿ ಇಟ್ಟಿಲ್ಲ. ಊರು ಹಳೇ ಕಾಲದ ಹಾಗೆ ಕಾಣುತ್ತಿತ್ತು, ಬಂದು ಚಿತ್ರೀಕರಣ ಮಾಡಿದರು. ನೋಡಿದವನಿಗೆ ಏನು ಹೊಳೆಯಿತು ಅನ್ನುವುದು ಲೆಕ್ಕಕ್ಕಿಲ್ಲ, ಇಟ್ಟವನ ಮನಸ್ಸಲ್ಲಿ ಏನಿತ್ತು ಅನ್ನುವುದೇ ಲೆಕ್ಕ.

ಇದೇ ಗೆರೆ ಎಳೆದುಕೊಂಡರೆ ಎಷ್ಟೋ ಉದಾಹರಣೆಗಳು ತಾವೇ ಬೇರೆಯಾಗುತ್ತವೆ. 1960ರ ಸೈಕೋ ಸಿನಿಮಾದಲ್ಲಿ ಸ್ನಾನದ ಮನೆಯ ರಕ್ತ ನಿಜಕ್ಕೂ ಚಾಕೊಲೇಟ್ ಸಿರಪ್. ಕಪ್ಪು-ಬಿಳುಪಿನಲ್ಲಿ ಅದೇ ಚೆನ್ನಾಗಿ ಕಾಣುತ್ತಿತ್ತು. ಇದು ತೆರೆಮರೆಯ ಸಂಗತಿ. 2019ರಲ್ಲಿ ರಾಜರ ಕಾಲದಂಥ ಕಥೆಯ ಟಿವಿ ಧಾರಾವಾಹಿ ಗೇಮ್ ಆಫ್ ಥ್ರೋನ್ಸ್‌ನ ಔತಣದ ದೃಶ್ಯದಲ್ಲಿ ಮೇಜಿನ ಮೇಲೆ ಇವತ್ತಿನ ಕಾಫಿ ಲೋಟ ಕಾಣಿಸಿತು. ಅದರ ವಾಹಿನಿ ಎಚ್‌ಬಿಒ ಆಮೇಲೆ ಅದನ್ನು ಕಂಪ್ಯೂಟರಿನಲ್ಲಿ ಅಳಿಸಿ ಹಾಕಿತು. ಅದು ಬರೀ ಮರೆವು. ಎಷ್ಟೇ ನಗು ಬಂದರೂ ತಮಾಷೆಯ ಪಟ್ಟಿಗೆ ಸೇರಿಸಬೇಡಿ.

ವಿಲ್‌ಹೆಲ್ಮ್ ಕಿರುಚಾಟ

ನನಗೆ ತುಂಬ ಹೊತ್ತು ಹಿಡಿದದ್ದು ಇದು. ಹಾಗಾಗಿ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಒಬ್ಬ ಗಂಡಸು ಪ್ರಾಣ ಹೋಗುವಂತೆ ಕಿರುಚುವ ಒಂದು ಧ್ವನಿ ಇದೆ. ಕೇಳಿಲ್ಲದವರು ಇಲ್ಲವೇ ಇಲ್ಲ ಅನ್ನಬಹುದು, ಏಕೆಂದರೆ ಅದೇ ಧ್ವನಿ ನೂರಾರು ಸಿನಿಮಾಗಳಲ್ಲಿದೆ. ಅದು ಹುಟ್ಟಿದ್ದು 1951ರ ಡಿಸ್ಟೆಂಟ್ ಡ್ರಮ್ಸ್ ಸಿನಿಮಾಕ್ಕೆ. ಜೌಗು ನೀರಿನಲ್ಲಿ ನಡೆಯುವ ಸೈನಿಕನನ್ನು ಮೊಸಳೆ ಎಳೆದುಕೊಂಡು ಹೋಗುತ್ತದೆ, ಅವನ ಕೂಗು ಅದು. ಗಾಯಕ, ನಟ ಶೆಬ್ ವೂಲಿ ಅವರ ದನಿ ಇರಬೇಕು ಅಂತ ಹೆಚ್ಚಿನವರು ನಂಬುತ್ತಾರೆ. 1953ರಲ್ಲಿ ಇನ್ನೊಂದು ಸಿನಿಮಾದಲ್ಲಿ ವಿಲ್‌ಹೆಲ್ಮ್ ಅನ್ನುವ ಸೈನಿಕನ ಕಾಲಿಗೆ ಬಾಣ ಚುಚ್ಚಿದಾಗ ಅದೇ ಕೂಗನ್ನು ಹಾಕಿದರು. ಹೆಸರು ಬಂದದ್ದು ಅವನಿಂದ.

ಇಲ್ಲಿಯವರೆಗೆ ಇದು ಏನು? ಬರೀ ಉಳಿತಾಯ. ಸ್ಟುಡಿಯೋದ ಕಪಾಟಿನಲ್ಲಿ ಒಂದು ಕೂಗು ಇತ್ತು, ಮತ್ತೆ ಯಾಕೆ ರೆಕಾರ್ಡ್ ಮಾಡಬೇಕು ಅಂತ ಅದನ್ನೇ ಬಳಸಿದರು. ಯಾರನ್ನೂ ನಗಿಸಲು ಅಲ್ಲ. ಪ್ರೇಕ್ಷಕರಿಗೆ ಗೊತ್ತಾಗಬಾರದು ಅಂತಲೇ ಅವರ ಆಸೆ ಇದ್ದಿರಬೇಕು.

ಆಮೇಲೆ ಬೆನ್ ಬರ್ಟ್ ಬಂದರು. 1977ರ ಸ್ಟಾರ್ ವಾರ್ಸ್‌ಗೆ ಶಬ್ದ ಮಾಡಿದವರು. ಹಳೇ ಧ್ವನಿಗಳ ರಾಶಿಯಲ್ಲಿ ಈ ಕೂಗನ್ನು ಹುಡುಕಿ, ಅದಕ್ಕೆ ಹೆಸರಿಟ್ಟು, ಗುಂಡು ತಗಲಿ ಕಂದಕಕ್ಕೆ ಬೀಳುವ ಸೈನಿಕನ ಬಾಯಿಗೆ ಕೊಟ್ಟರು. ಇಂಡಿಯಾನಾ ಜೋನ್ಸ್ ಸಿನಿಮಾಗಳಲ್ಲೂ ಬಿಡಲಿಲ್ಲ. ಆಮೇಲೆ ಬೇರೆ ಶಬ್ದದ ಕೆಲಸಗಾರರೂ ತಮ್ಮ ಸಿನಿಮಾದಲ್ಲಿ ಒಂದು ಕಡೆ ಇದನ್ನು ತುರುಕತೊಡಗಿದರು. ಹೊಸ ಕೂಗು ರೆಕಾರ್ಡ್ ಮಾಡುವುದು ಅವರಿಗೆ ಕಷ್ಟವೇ ಇರಲಿಲ್ಲ. ಆದರೂ ಇದೇ ಬೇಕಿತ್ತು, ಏಕೆಂದರೆ ಕೇಳಿದ ಇನ್ನೊಬ್ಬ ಶಬ್ದದವನು ನಗುತ್ತಾನೆ.

ಈಗ ತೊಡಕು ನೋಡಿ. ಧ್ವನಿ ಒಂದೇ. 1953ರಲ್ಲಿ ಅದು ತೆರೆಮರೆಯ ಸಂಗತಿ, 1977ರಲ್ಲಿ ಗುಟ್ಟಿನ ತಮಾಷೆ. ಹಾಗಾದರೆ "ವಿಲ್‌ಹೆಲ್ಮ್ ಕಿರುಚಾಟ ಯಾವ ಗುಂಪು?" ಅನ್ನುವ ಪ್ರಶ್ನೆಯೇ ಅರ್ಧ. "ಯಾವ ಸಿನಿಮಾದಲ್ಲಿ?" ಅಂತ ಸೇರಿಸಿದರೆ ಮಾತ್ರ ಉತ್ತರ ಸಿಗುತ್ತದೆ. ಗುಂಪು ಅಂಟಿಕೊಳ್ಳುವುದು ವಸ್ತುವಿಗಲ್ಲ, ಆ ವಸ್ತುವನ್ನು ಅಲ್ಲಿ ಇಟ್ಟ ಆ ಒಂದು ಸಲಕ್ಕೆ. ಈ ಸಾಲನ್ನು ನಾನು ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟುಕೊಂಡಿದ್ದೇನೆ.

ತಮ್ಮ ಸಿನಿಮಾಗಳಲ್ಲಿ ತಾವೇ ಒಂದು ಕ್ಷಣ ಬಂದು ಹೋಗುತ್ತಿದ್ದ ನಿರ್ದೇಶಕ ಹಿಚ್‌ಕಾಕ್‌ಗೂ ಇದೇ ದಾರಿ. 1927ರ ದ ಲಾಡ್ಜರ್‌ನಲ್ಲಿ ಅವರು ತೆರೆಗೆ ಬಂದದ್ದು ಫ್ರೇಮಿನಲ್ಲಿ ಜನ ಸಾಲದೆ. ಆಮೇಲೆ ಅದು ಒಂಥರಾ ನಂಬಿಕೆಯಾಯಿತು, ಆಮೇಲೆ ತಮಾಷೆಯಾಯಿತು ಅಂತ ಅವರೇ ಹೇಳಿದ್ದಾರೆ. 1944ರ ಲೈಫ್‌ಬೋಟ್ ಇಡೀ ಕಥೆ ಸಮುದ್ರದ ನಡುವೆ ಒಂದು ದೋಣಿಯಲ್ಲಿ ನಡೆಯುತ್ತದೆ. ದಾರಿಹೋಕನಾಗಿ ಬರಲು ದಾರಿಯೇ ಇಲ್ಲ! ಅದಕ್ಕೆ ದೋಣಿಯಲ್ಲಿದ್ದವನೊಬ್ಬ ಓದುವ ಪೇಪರಿನಲ್ಲಿ, ತೂಕ ಇಳಿಸುವ ಔಷಧಿಯ ಜಾಹೀರಾತಿನಲ್ಲಿ, ಮೊದಲು ದಪ್ಪ ಆಮೇಲೆ ಸಣ್ಣ ಅಂತ ಎರಡು ಫೋಟೋ ಆಗಿ ಬಂದರು. ನನಗೆ ಇದಕ್ಕಿಂತ ಚೆಂದದ ಕ್ಯಾಮಿಯೋ ಇಲ್ಲ. ಮುಂದೆ ಜನ ಕಥೆ ಬಿಟ್ಟು ಇವರನ್ನೇ ಹುಡುಕತೊಡಗಿದಾಗ, ಸಿನಿಮಾ ಶುರುವಿನಲ್ಲೇ ಬಂದು ಹೋಗುವುದನ್ನು ರೂಢಿ ಮಾಡಿಕೊಂಡರು.

ಅಡ್ಡದಾರಿ, ಅದರ ಅಪವಾದ

ಪರೀಕ್ಷೆಯಲ್ಲಿ ಸಮಯ ಇಲ್ಲದಿದ್ದರೆ ನನ್ನ ಅಡ್ಡದಾರಿ ಇಷ್ಟೇ: ಅದನ್ನು ತೆಗೆದು ನೋಡಿ, ಕಥೆ ಕುಂಟುತ್ತದಾ? ಕುಂಟದಿದ್ದರೆ, ಮತ್ತು ಬೇಕಂತಲೇ ಇಟ್ಟಿದ್ದರೆ, ಗುಟ್ಟಿನ ತಮಾಷೆ. 1981ರ ಇಂಡಿಯಾನಾ ಜೋನ್ಸ್ ಸಿನಿಮಾದಲ್ಲಿ ಈಜಿಪ್ಟಿನ ಕಂಬದ ಮೇಲೆ ಸ್ಟಾರ್ ವಾರ್ಸ್‌ನ ಎರಡು ರೋಬೋಟ್ ಕೆತ್ತಿವೆ. ತೆಗೆದರೂ ಕಥೆಗೆ ಏನೂ ಆಗಲ್ಲ. ಸರಿ.

ಈ ಅಡ್ಡದಾರಿ ಮುಗ್ಗರಿಸುವುದು ಎ113 ಹತ್ತಿರ. ಅದು ಕ್ಯಾಲಿಫೋರ್ನಿಯಾದ ಕ್ಯಾಲ್‌ಆರ್ಟ್ಸ್ ಕಾಲೇಜಿನಲ್ಲಿ ಅನಿಮೇಷನ್ ಕಲಿಸುತ್ತಿದ್ದ ಕೋಣೆಯ ನಂಬರ್. ಅಲ್ಲಿ ಓದಿದ ಬ್ರಾಡ್ ಬರ್ಡ್ 1987ರಲ್ಲಿ ಒಂದು ಟಿವಿ ಕಂತಿನಲ್ಲಿ ಅದನ್ನು ಕಾರಿನ ನಂಬರ್ ಪ್ಲೇಟಿಗೆ ಹಾಕಿದರು. 1995ರ ಟಾಯ್ ಸ್ಟೋರಿಯಲ್ಲಿ ಹುಡುಗನ ಅಮ್ಮನ ಗಾಡಿಗೂ ಅದೇ ನಂಬರ್. ಒಂದೇ ಸಲ ಕಂಡಿದ್ದರೆ ಸುಮ್ನೆ ಕಾಕತಾಳೀಯ ಅನ್ನಬಹುದಿತ್ತು. ಒಂದೇ ಕಾಲೇಜಿನವರು ಸಿನಿಮಾದಿಂದ ಸಿನಿಮಾಕ್ಕೆ ಹಾಕುತ್ತಾ ಹೋದರೆ ಅದು ರುಜು.

ಆದರೆ 2008ರ ಅನಿಮೇಷನ್ ಸಿನಿಮಾ ವಾಲ್-ಈಯಲ್ಲಿ ಎ113 ಒಂದು ಗುಪ್ತ ಆದೇಶದ ಹೆಸರು. ಭೂಮಿಗೆ ಮರಳಬೇಡ ಅಂತ ಬಾಹ್ಯಾಕಾಶ ಹಡಗು ನಡೆಸುವ ಯಂತ್ರಕ್ಕೆ ಬಂದ ಆದೇಶ. ಅದನ್ನು ತೆಗೆದರೆ ಕಥೆ ಕುಂಟುವುದಲ್ಲ, ಕೂತೇಬಿಡುತ್ತದೆ. ಹಾಗಾದರೆ ತಮಾಷೆ ಅಲ್ಲವಾ? ಇಲ್ಲಿ ಎರಡನ್ನು ಬಿಡಿಸಿಕೊಳ್ಳಿ. ಕಥೆಗೆ ಬೇಕಾದದ್ದು ಆದೇಶ. ಆದೇಶಕ್ಕೆ ಬಿ204 ಅಂತ ಹೆಸರಿದ್ದರೂ ಹಡಗು ಹಾಗೇ ನಡೆಯುತ್ತಿತ್ತು. ಅಂದರೆ ತೆಗೆದು ನೋಡುವುದರ ಜೊತೆಗೆ, ಬದಲಿಸಿಯೂ ನೋಡಬೇಕು.

ವಾಲ್-ಈ ಪ್ರಶ್ನೆ ಬಂದರೆ ಎರಡು ಸಾಲು ಸಾಕು: ಆದೇಶ ಕಥೆಯ ಭಾಗ, ಅದರ ನಂಬರ್ ಗುಟ್ಟಿನ ತಮಾಷೆ. ಕೋಣೆ ಯಾವ ಕಾಲೇಜಿನದ್ದು ಅಂತ ಸೇರಿಸಲು ಮರೆಯಬೇಡಿ.