ಕಾರಿನ ಎಸಿ ಗ್ಯಾಸ್ ಕುಡಿಯಲ್ಲ

ಮಾರ್ಚ್ ಬಂತು ಅಂದ್ರೆ ಎಸಿ ರಿಪೇರಿ ಅಂಗಡಿಗಳ ಮುಂದೆ ಕಾರುಗಳ ಸಾಲು. ಎಲ್ಲರದ್ದೂ ಒಂದೇ ಮಾತು: "ತಂಪು ಬರ್ತಿಲ್ಲ, ಗ್ಯಾಸ್ ಖಾಲಿ ಆಗಿರ್ಬೇಕು, ತುಂಬಿಸಿಬಿಡಿ." ಪೆಟ್ರೋಲಿನ ಹಾಗೆ ಎಸಿ ಗ್ಯಾಸೂ ಖರ್ಚಾಗುತ್ತದೆ ಎಂದು ಯಾರು ಹೇಳಿದರೋ! ಅದು ಉರಿಯುವುದಿಲ್ಲ, ಸವೆಯುವುದೂ ಇಲ್ಲ. ಮುಚ್ಚಿದ ಪೈಪುಗಳೊಳಗೆ ಸುಮ್ನೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ರಬ್ಬರ್ ಹೋಸು, ಸೀಲುಗಳಿಂದ ವರ್ಷಗಟ್ಟಲೆ ಚೂರುಚೂರೇ ಹೋಗುವುದುಂಟು, ಅದು ಬೇರೆ. ಪ್ರತಿ ಬೇಸಿಗೆಗೂ ತುಂಬಿಸಬೇಕಾಗಿ ಬಂದರೆ ಎಲ್ಲೋ ತೂತಿದೆ, ಮುಚ್ಚಿಸಿ.

ಎಸಿ ಮಾಡುವುದು ಸಾಗಣೆ ಕೆಲಸ. ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಇಲ್ಲೊಂದು ಒಗಟಿದೆ. ರಾಯಚೂರಿನ ಮೇ ತಿಂಗಳು, ಹೊರಗೆ 42 ಡಿಗ್ರಿ, ಕಾರಿನೊಳಗೆ 25. ಬಿಸಿ ತಾನಾಗಿ ಹರಿಯುವುದು ಜಾಸ್ತಿ ಬಿಸಿ ಇರುವಲ್ಲಿಂದ ಕಡಿಮೆ ಇರುವಲ್ಲಿಗೆ ಮಾತ್ರ. ಹಾಗಾದರೆ 25ರಿಂದ 42ರ ಕಡೆಗೆ ಅದು ಹೋಗುವುದಾದರೂ ಹೇಗೆ?

ನಿಮ್ಮ ಅಡುಗೆಮನೆ ಕುಕ್ಕರಿನಲ್ಲಿ ಉತ್ತರವಿದೆ. ಒಳಗೆ ಒತ್ತಡ ಏರಿದರೆ ನೀರು 100 ಡಿಗ್ರಿಗೆ ಕುದಿಯಲ್ಲ, ಸುಮಾರು 120ರವರೆಗೆ ಕಾಯುತ್ತದೆ. ಅಂದರೆ ಕುದಿಯುವ ಬಿಂದುವನ್ನು ಒತ್ತಡ ಹೇಳಿದ ಕಡೆಗೆ ಸರಿಸಬಹುದು. ಎಸಿಯ ಇಡೀ ಕರಾಮತ್ತು ಇಷ್ಟೇ. ನಮ್ಮ ಹೆಚ್ಚಿನ ಕಾರುಗಳಲ್ಲಿರುವ ಆರ್134ಎ ಎಂಬ ಗ್ಯಾಸನ್ನು ಬಯಲಿನಲ್ಲಿಟ್ಟರೆ ಮೈನಸ್ 26 ಡಿಗ್ರಿಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡ್ ಹಿಂದಿನ ಕೂಲಿಂಗ್ ಕಾಯಿಲ್‌ನಲ್ಲಿ ಒತ್ತಡ ಸುಮಾರು 30 ಪಿಎಸ್‌ಐ ಇದ್ದಾಗ ಅದು 1 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಕುದಿಯಲು ಬೇಕಾದ ಬಿಸಿಯನ್ನು ನಿಮ್ಮ ಮುಖಕ್ಕೆ ಬೀಸಲಿರುವ ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಆಮೇಲೆ ಕಂಪ್ರೆಸರ್ ಆ ಆವಿಯನ್ನು ಹಿಂಡಿ 200 ಪಿಎಸ್‌ಐ ದಾಟಿಸುತ್ತದೆ. ಆ ಒತ್ತಡದಲ್ಲಿ ಅದೇ ಗ್ಯಾಸು 54, 55 ಡಿಗ್ರಿಯಲ್ಲೇ ಮತ್ತೆ ದ್ರವವಾಗಬಲ್ಲದು. ರೇಡಿಯೇಟರ್ ಮುಂದೆ, ಈ ಗ್ಯಾಸು ದ್ರವವಾಗುವ ಕಂಡೆನ್ಸರ್ ಈಗ ರಾಯಚೂರಿನ ಬಿಸಿಲಿಗಿಂತಲೂ ಬಿಸಿ! ಬಿಸಿ ಆರಾಮಾಗಿ ಹೊರಗೆ ಹೋಗುತ್ತದೆ. ನನಗಂತೂ ಇದು ಎಷ್ಟು ಸಲ ಯೋಚಿಸಿದರೂ ಖುಷಿ ಕೊಡುವ ವಿಷಯ.

ಇದು ತಲೆಗೆ ಹೋದರೆ ಅರ್ಧ ರಿಪೇರಿ ಬಂದ ಹಾಗೆ. ಕಾರು ಓಡುವಾಗ ತಂಪಿದೆ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತ ಕೂಡಲೇ ಬೆಚ್ಚಗಾಗುತ್ತದೆ ಅಂದ್ರೆ ಮೊದಲ ಅನುಮಾನ ಕಂಡೆನ್ಸರ್ ಫ್ಯಾನಿನ ಮೇಲೆ. ಓಡುವಾಗ ಎದುರುಗಾಳಿ ಮಾಡುತ್ತಿದ್ದ ಕೆಲಸವನ್ನು ನಿಂತಾಗ ಮಾಡಲು ಯಾರೂ ಇಲ್ಲ. ಫ್ಯಾನ್ ತಿರುಗುತ್ತಿದ್ದರೆ ಕಂಡೆನ್ಸರಿಗೆ ಕೆಸರು, ಹುಳ ಮೆತ್ತಿದೆಯಾ ನೋಡಿ. ಆಯುಧ ಪೂಜೆಗೆ ಗಾಡಿ ತೊಳೆದು, ನಿಂಬೆಹಣ್ಣು ಕಟ್ಟಿ, ಕುಂಬಳಕಾಯಿ ಒಡೆಯುವ ನಾವು ಗ್ರಿಲ್ ಒಳಗೆ ಒಂದು ಮಗ್ ನೀರು ಬಿಡಲ್ಲ. ಜೋರಾಗಿ ಜೆಟ್ ಹೊಡೆಯಬೇಡಿ, ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಗಾಳಿಯೇ ಕಡಿಮೆ ಬರುತ್ತಿದ್ದರೆ ಗ್ಲೋವ್ ಬಾಕ್ಸ್ ಹಿಂದೆ ಇರುವ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಎಷ್ಟೋ ಕಡೆ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಗಾಳಿ ಜೋರಾಗಿದೆ, ತಂಪಿಲ್ಲ ಅಂತಾದರೆ ಬಾನೆಟ್ ಎತ್ತಿ, ಒಬ್ಬರನ್ನು ಒಳಗೆ ಕೂರಿಸಿ ಎಸಿ ಹಾಕಿಸಿ. ಕ್ಲಚ್ ಇರುವ ಕಂಪ್ರೆಸರ್ ಆದರೆ 'ಟಕ್' ಎಂದು ಹಿಡಿಯುತ್ತದೆ. ಹಿಡಿಯದಿದ್ದರೆ ಫ್ಯೂಸ್, ರಿಲೇ, ಕ್ಲಚ್ ಕಾಯಿಲ್ ನೋಡಬೇಕು. ಅಥವಾ ಗ್ಯಾಸು ನಿಜವಾಗಲೂ ಪೂರ್ತಿ ಸೋರಿ ಪ್ರೆಶರ್ ಸ್ವಿಚ್ ತಡೆದಿರುತ್ತದೆ. ತಡೆಯುವುದೇ ಒಳ್ಳೆಯದು, ಯಾಕಂದ್ರೆ ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುವುದು, ಗ್ಯಾಸಿಲ್ಲದೆ ಓಡಿದರೆ ಒಳಗೆಲ್ಲ ಉಜ್ಜಿ ಹಾಳಾಗುತ್ತದೆ. ಇನ್ನು ಗಾಡಿ ಕೆಳಗೆ ನೀರು ತೊಟ್ಟಿಕ್ಕುತ್ತಿದ್ದರೆ ಹೆದರಬೇಡಿ. ಗಾಳಿಯ ತೇವ ಕಾಯಿಲ್ ಮೇಲೆ ನೀರಾಗಿ ಇಳಿದದ್ದು ಅದು. ಮಂಗಳೂರಿನ ಸೆಕೆಯಲ್ಲಿ ಜಾಸ್ತಿಯೇ ಸುರಿಯುತ್ತದೆ.

ಈಗ ಗೇಜಿನ ವಿಷಯ. ಎಂಜಿನ್ ಆಫ್ ಮಾಡಿದ ಕಾರಿಗೆ ಗೇಜ್ ಹಚ್ಚಿ "ಪ್ರೆಶರ್ ಇದೆ, ಗ್ಯಾಸ್ ಫುಲ್" ಅನ್ನುವವರನ್ನು ನಂಬಬೇಡಿ. 30 ಡಿಗ್ರಿಯ ನೆರಳಿನಲ್ಲಿ ನಿಂತ ಕಾರಿನ ಗೇಜು ಸುಮಾರು 97 ಪಿಎಸ್‌ಐ ತೋರಿಸುತ್ತದೆ. ಅರ್ಧ ಗ್ಯಾಸ್ ಸೋರಿ ಹೋಗಿದ್ದರೂ ಅಷ್ಟೇ! ಒಳಗೆ ಸ್ವಲ್ಪ ದ್ರವ ಉಳಿದಿರುವ ತನಕ ಒತ್ತಡವನ್ನು ತೀರ್ಮಾನಿಸುವುದು ತಾಪಮಾನ ಮಾತ್ರ. ಎಷ್ಟು ಗ್ಯಾಸಿದೆ ಎಂದು ತಿಳಿಯಲು ಇರುವ ಖಚಿತ ದಾರಿ ಎಲ್ಲ ಹೊರತೆಗೆದು ತೂಗುವುದು. ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಗ್ರಾಂ ಲೆಕ್ಕ ಬರೆದಿರುತ್ತಾರೆ. ಜಾಸ್ತಿ ತುಂಬಿದರೂ ತಂಪು ಕಡಿಮೆಯೇ ಆಗುತ್ತದೆ.

ಈ ಗ್ಯಾಸುಗಳ ಚರಿತ್ರೆಯೂ ವಿಚಿತ್ರ. ಮೊದಲು ಫ್ರಿಜ್‌ಗಳಲ್ಲಿ ಅಮೋನಿಯ, ಸಲ್ಫರ್ ಡೈಆಕ್ಸೈಡ್ ಇರುತ್ತಿದ್ದವು, ಸೋರಿದರೆ ಪ್ರಾಣಕ್ಕೇ ಅಪಾಯ. 1930ರಲ್ಲಿ ಅಮೆರಿಕದ ಥಾಮಸ್ ಮಿಡ್ಗ್ಲೆ ಹೊಸ ಗ್ಯಾಸನ್ನು ಎಲ್ಲರೆದುರು ತಾನೇ ಉಸಿರಿಗೆಳೆದು, ಮೇಣದಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದ. ವಿಷವೂ ಅಲ್ಲ, ಉರಿಯುವುದೂ ಇಲ್ಲ! ಪೆಟ್ರೋಲಿಗೆ ಸೀಸ ಬೆರೆಸುವುದನ್ನು ಕಂಡುಹಿಡಿದ ಪುಣ್ಯಾತ್ಮನೂ ಇವನೇ. ಅವನ ಆ ಗ್ಯಾಸು, ಆರ್12, ಮುಂದೆ ಕಾರುಗಳಿಗೂ ಬಂತು. 1974ರಲ್ಲಿ ಮೊಲಿನಾ ಮತ್ತು ರೋಲ್ಯಾಂಡ್ ಎಂಬ ವಿಜ್ಞಾನಿಗಳು ಇಂಥ ಗ್ಯಾಸುಗಳು ಓಝೋನ್ ಪದರವನ್ನು ತಿನ್ನುತ್ತವೆ ಎಂದರು. 1987ರಲ್ಲಿ ಅವುಗಳ ಬಳಕೆ ತಗ್ಗಿಸಲು ಮಾಂಟ್ರಿಯಲ್ ಒಪ್ಪಂದವಾಯಿತು, ಆಮೇಲೆ ಆರ್134ಎ ಬಂತು. ಇದು ಓಝೋನ್ ಮುಟ್ಟುವುದಿಲ್ಲ, ಆದರೆ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,400 ಪಟ್ಟು ಜಾಸ್ತಿ ಭೂಮಿಯನ್ನು ಕಾಯಿಸುತ್ತದೆ. ಅರ್ಧ ಕೆಜಿ ಸೋರಿದರೆ 700 ಕೆಜಿ ಬಿಟ್ಟ ಹಾಗೆ. "ಟಾಪ್‌ಅಪ್ ಮಾಡ್ಸಿ ಸಾರ್, ಸಾಕು" ಅಂದಾಗ ನನಗೆ ಸಿಟ್ಟು ಬರುವುದು ಇದಕ್ಕೇ.

ಹಾಗಾಗಿ ಅಂಗಡಿಯಲ್ಲಿ ಮೊದಲು ಲೀಕ್ ಟೆಸ್ಟ್ ಕೇಳಿ. ಜಾಯಿಂಟುಗಳಲ್ಲಿ ಎಣ್ಣೆ ಜಿಡ್ಡು ಕಂಡರೆ ಅಲ್ಲೇ ಸೋರುತ್ತಿರಬಹುದು. ನೈಟ್ರೋಜನ್ ತುಂಬಿ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ತೂತು ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪ್ ಓಡಿಸಿ ಒಳಗಿನ ಗಾಳಿ, ತೇವ ಹೀರಿಸಲೇಬೇಕು, "ಟೈಮ್ ಇಲ್ಲ" ಅಂದರೆ ಬೇರೆ ಅಂಗಡಿ ನೋಡಿ. ಒಳಗೆ ತೇವ ಉಳಿದರೆ ಎಕ್ಸ್‌ಪಾನ್ಶನ್ ವಾಲ್ವಿನ, ಅಂದರೆ ದ್ರವದ ಒತ್ತಡ ಇಳಿಸಿ ಕೂಲಿಂಗ್ ಕಾಯಿಲಿಗೆ ಬಿಡುವ ವಾಲ್ವಿನ, ಸಣ್ಣ ಕಂಡಿಯಲ್ಲಿ ಮಂಜುಗಡ್ಡೆಯಾಗಿ ಕೂರುತ್ತದೆ. ಆಗ ಸ್ವಲ್ಪ ಹೊತ್ತು ತಂಪು ಬರುತ್ತದೆ, ಆಮೇಲೆ ನಿಲ್ಲುತ್ತದೆ, ಆಫ್ ಮಾಡಿ ಸ್ವಲ್ಪ ಬಿಟ್ಟು ಹಾಕಿದರೆ ಮತ್ತೆ ಬರುತ್ತದೆ. ಆಗಲೂ ಯಾರಾದರೂ ಒಬ್ಬರು "ಗ್ಯಾಸ್ ಕಮ್ಮಿ ಇದೆ" ಅಂದೇ ಅನ್ನುತ್ತಾರೆ.