ಡಾಕ್ಟರುಗಳಿಗೆ ಕಂಪ್ಯೂಟರ್ ಕಂಡರೆ ಆಗುವುದಿಲ್ಲವೇ?

ಪ್ರಶ್ನೆ: ನಾನು ಆಸ್ಪತ್ರೆಯೊಂದರ ಐಟಿ ವಿಭಾಗದಲ್ಲಿದ್ದೇನೆ. ಹೊಸ ಸಾಫ್ಟ್‌ವೇರ್ ಬಂದು ಆರು ತಿಂಗಳಾಯಿತು. ಡಾಕ್ಟರುಗಳು ಈಗಲೂ ಚೀಟಿಯಲ್ಲಿ ಬರೆದು ಸಿಸ್ಟರ್ ಕೈಗೆ ಕೊಡುತ್ತಾರೆ. ಇದು ಹಟವೋ, ಸೋಮಾರಿತನವೋ?

ಎರಡೂ ಅಲ್ಲ ಅನ್ನಿಸುತ್ತದೆ. ಯಾವುದನ್ನು ತಪ್ಪು ಅನ್ನಬೇಕು ಎಂಬುದರಲ್ಲೇ ನಿಮಗೂ ಅವರಿಗೂ ತಾಳೆಯಿಲ್ಲ. ದಾಖಲಾಗದೆ ಕೊಟ್ಟ ಔಷಧ ನಿಮ್ಮ ಲೆಕ್ಕದಲ್ಲಿ ತಪ್ಪು. ಐಸಿಯು ಡಾಕ್ಟರಿಗೆ ತಡವಾಗಿ ಕೊಟ್ಟದ್ದೇ ತಪ್ಪು. ಫಾರ್ಮಸಿಯವರನ್ನು ಕೇಳಿದರೆ ಮೂರನೆಯದೇ ಬರುತ್ತದೆ: ಡೋಸ್ ಪರೀಕ್ಷಿಸದೆ ಕೊಟ್ಟದ್ದು.

ಅಮೆರಿಕದ ಪಿಟ್ಸ್‌ಬರ್ಗ್‌ನ ಮಕ್ಕಳ ಆಸ್ಪತ್ರೆಯಲ್ಲಿ 2002ರ ಅಕ್ಟೋಬರಿನಲ್ಲಿ ಔಷಧದ ಆರ್ಡರುಗಳನ್ನು ಕಂಪ್ಯೂಟರಿಗೆ ತಂದರು. ಆರೇ ದಿನದಲ್ಲಿ ಇಡೀ ಆಸ್ಪತ್ರೆ ಬದಲು. ಮೊದಲೆಲ್ಲ, ಬೇರೆ ಆಸ್ಪತ್ರೆಯಿಂದ ಮಗು ಆಂಬುಲೆನ್ಸಿನಲ್ಲಿ ಹೊರಟಿದೆ ಎಂದು ಗೊತ್ತಾದರೆ ಸಾಕು, ಇಲ್ಲಿ ಆರ್ಡರ್ ಬರೆದಿಡುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ಮಗು ಬಂದು ನೋಂದಣಿಯಾಗುವ ತನಕ ಆರ್ಡರ್ ಹಾಕುವಂತೆಯೇ ಇಲ್ಲ. ಐಟಿಯವರ ಕಣ್ಣಿಗೆ ಇದು ಸರಿಯೇ: ಹೆಸರೇ ದಾಖಲಾಗದ ರೋಗಿಗೆ ಯಾವ ಖಾತೆಯಲ್ಲಿ ಔಷಧ ಬರೆಯುವುದು? ಪೆನ್ನಿನಲ್ಲಿ ಕೆಲವು ಸೆಕೆಂಡಿಗೆ ಮುಗಿಯುತ್ತಿದ್ದ ಆರ್ಡರಿಗೆ ಒಂದೆರಡು ನಿಮಿಷ ಕ್ಲಿಕ್ಕಿಸುತ್ತ ಕೂರಬೇಕಾಯಿತು. ಕೈಯಳತೆಯಲ್ಲಿದ್ದ ತುರ್ತು ಔಷಧಗಳೂ ಕೇಂದ್ರ ಫಾರ್ಮಸಿಗೆ ಹೋದವು. ಹೀಗೆ ಬೇರೆ ಆಸ್ಪತ್ರೆಗಳಿಂದ ಬಂದ ಮಕ್ಕಳಲ್ಲಿ ಸಾವಿನ ಪ್ರಮಾಣ ಶೇ. 2.80ರಿಂದ 6.57ಕ್ಕೆ ಏರಿತೆಂದು ಅಲ್ಲಿನ ವೈದ್ಯರೇ 2005ರಲ್ಲಿ ಬರೆದರು. ಅದಕ್ಕೆಲ್ಲ ಸಾಫ್ಟ್‌ವೇರ್ ಒಂದೇ ಕಾರಣವೇ ಎಂಬ ತಕರಾರೂ ಎದ್ದಿತು, ನ್ಯಾಯವಾದ ತಕರಾರೇ.

ಯಾಕೆಂದರೆ ಸಿಯಾಟಲ್‌ನ ಮಕ್ಕಳ ಆಸ್ಪತ್ರೆಯ ಐಸಿಯುಗೆ ಅದೇ ಸಾಫ್ಟ್‌ವೇರ್ ಬಂದಾಗ ಸಾವು ಹೆಚ್ಚಲಿಲ್ಲ. ಪದೇ ಪದೇ ಬೇಕಾಗುವ ಆರ್ಡರುಗಳ ಕಟ್ಟುಗಳನ್ನು ಅಲ್ಲಿ ಮೊದಲೇ ಸಿದ್ಧಮಾಡಿಟ್ಟಿದ್ದರು.

ಇನ್ನು ಪಾಸ್‌ವರ್ಡಿನ ಜಗಳ ನಿಮಗೆ ಹೊಸದಲ್ಲ. ಬೆಳಗ್ಗೆ ಒಬ್ಬ ಸಿಸ್ಟರ್ ಲಾಗಿನ್ ಆದರೆ ಡ್ಯೂಟಿ ಮುಗಿಯುವ ತನಕ ವಾರ್ಡಿಗೆ ವಾರ್ಡೇ ಅವರ ಹೆಸರಿನಲ್ಲಿ ಕೆಲಸ ಮಾಡುತ್ತದೆ. ಖಂಡಿತ ಅಪಾಯ. ಆದರೆ ಡ್ರಿಪ್ ಖಾಲಿಯಾಗಿ ರೋಗಿಯ ಕಡೆಯವರು ಕೂಗುತ್ತಿರುವಾಗ, ಗ್ಲೌಸ್ ಬಿಚ್ಚಿ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ ಎಲ್ಲ ಸೇರಿದ ಪಾಸ್‌ವರ್ಡ್ ಒತ್ತಿ ನೋಡಿ. ಸುತ್ತೋಲೆಯಿಂದ ಇದು ನಿಲ್ಲುವುದಿಲ್ಲ. ಬೆರಳಚ್ಚೋ ಕಾರ್ಡೋ ಇಟ್ಟರೆ ನಿಂತೀತು.

ಒಂದು ವಾರ ಆ ಚೀಟಿಗಳನ್ನೆಲ್ಲ ಎಸೆಯದೆ ಒಂದು ಡಬ್ಬಿಗೆ ಹಾಕಿಸಿ. ಆಮೇಲೆ ಹಿರಿಯ ಸಿಸ್ಟರ್ ಒಬ್ಬರ ಪಕ್ಕ ಕೂತು ಓದಿ. ನಿಮ್ಮ ಸ್ಕ್ರೀನಿನಲ್ಲಿ ತುಂಬಲು ಜಾಗವೇ ಇಲ್ಲದ್ದು ಎಷ್ಟಿದೆಯೋ, ಮೊದಲು ಅದನ್ನು ಬೇರೆ ಮಾಡಿ.